ಹಸಿರು ಪಟ್ಟಿ ಕಟ್ಟಿಸಿಕೊಂಡವಳು

ಫೆಬ್ರವರಿ 3

ಬಿಡುವೇ ಇಲ್ಲದ ನನ್ನ ತಮ್ಮನಿಗೆ,

ಕಾಗದ ನೋಡಿ ಗಾಬರಿಯಾಗಬೇಡ, ಯಾರೂ ಸತ್ತಿಲ್ಲ. ನಿನಗೆ ಫೋನ್ ಮಾಡುವುದನ್ನು ಬಿಟ್ಟಿದ್ದೇನೆ, ಅಷ್ಟೇ. ಫೋನ್ ಮಾಡಿದರೆ ನಿನ್ನ ಮೊದಲ ಮಾತು "ಹೇಳಕ್ಕಾ, ಬೇಗ ಹೇಳು". ಎರಡನೇ ಮಾತು "ಆಮೇಲೆ ಮಾಡ್ಲಾ?" ಮೂರನೇ ಮಾತು ಇವತ್ತಿನವರೆಗೂ ನಾನು ಕೇಳಿಲ್ಲ. ಎರಡು ವಾಕ್ಯದಲ್ಲಿ ವರದಿ ಒಪ್ಪಿಸಿ ಹೋಗುವುದಕ್ಕೆ ನಾನೇನು ನಿಮ್ಮ ಆಸ್ಪತ್ರೆಯ ಆಂಬುಲೆನ್ಸ್ ಡ್ರೈವರಾ? ಕಾಗದವನ್ನಾದರೆ ನೀನು ಮಧ್ಯದಲ್ಲಿ ಕಟ್ ಮಾಡಲಾರೆ. ಜೊತೆಗೆ ನನ್ನ ಗಂಟಲೂ ಕಟ್ಟಿಕೊಂಡಿದೆ. ಎರಡು ತಿಂಗಳಾಯಿತು, ದನಿ ಒಡೆದ ಪೀಪಿಯ ಹಾಗಾಗಿದೆ. ಈಜುಕೊಳದ ಆ ತುದಿಯಲ್ಲಿರುವ ಮಕ್ಕಳಿಗೆ ನಾನು ಕೂಗಿದ್ದು ಕೇಳಿಸುವುದೇ ಇಲ್ಲ. ಬರೀ ಸೀಟಿಯಲ್ಲೇ ಕಾಲ ಹಾಕುತ್ತಿದ್ದೇನೆ.

ಈಗ ವಿಷಯಕ್ಕೆ ಬರುತ್ತೇನೆ. ಈ ಕೊಳದಲ್ಲಿ ಇಪ್ಪತ್ತಾರು ವರ್ಷದಿಂದ ಈಜು ಕಲಿಸುತ್ತಿದ್ದೇನೆ. ನೀರು ಕಂಡರೆ ಚೀರುವ ಮಕ್ಕಳು ಕಲಿತರು. ಮಂಡಿನೋವಿನ ಅಜ್ಜಿಯರು ಕಲಿತರು. ಆರಡಿ ಎತ್ತರದ ಒಬ್ಬ ಪೊಲೀಸಪ್ಪ ನನ್ನ ಕೈ ಹಿಡಿದುಕೊಂಡು "ಬಿಡಬೇಡಿ ಮೇಡಂ, ಬಿಡಬೇಡಿ" ಅಂತ ಅತ್ತು ಕಲಿತ. ನನ್ನ ಒಡಹುಟ್ಟಿದವನು ಮಾತ್ರ ನಲವತ್ತನಾಲ್ಕು ವರ್ಷವಾದರೂ ಸೊಂಟಮಟ್ಟದ ನೀರಿನಲ್ಲಿ ಕಂಬಿ ಹಿಡಿದು ನಿಲ್ಲುತ್ತಾನೆ. "ಮುಂದಿನ ರಜೆಗೆ ಖಂಡಿತ ಅಕ್ಕಾ" ಅಂತ ನೀನು ಹೇಳುತ್ತಾ ಬಂದು ಹನ್ನೊಂದು ವರ್ಷ. ನನಗೆ ಇದು ಅವಮಾನ ಕಣೋ. ಡಾಕ್ಟರ ಮನೆಯಲ್ಲೇ ಲಸಿಕೆ ಹಾಕಿಸಿಕೊಳ್ಳದ ಮಗು ಇದ್ದ ಹಾಗೆ.

ಈ ತಿಂಗಳಲ್ಲಿ ಒಂದು ಭಾನುವಾರ ಬಾ. ಬೆಳಗ್ಗೆ ಆರಕ್ಕೆ ನೀರಿಗಿಳಿಸುತ್ತೇನೆ. ಮಧ್ಯಾಹ್ನ ಊಟ ಹಾಕುತ್ತೇನೆ. ಊಟ ಆದಮೇಲೆ ಎದುರಿಗೆ ಕೂರಿಸಿಕೊಂಡು ಸಾವಕಾಶವಾಗಿ ಬೈಯುತ್ತೇನೆ, ಬಹಳ ಬಾಕಿ ಇದೆ. ಏಪ್ರಿಲ್‌ನಲ್ಲಿ ತಳದ ಟೈಲ್ಸ್ ರಿಪೇರಿಗೆ ಕೊಳ ಖಾಲಿ ಮಾಡುತ್ತಾರಂತೆ, ಅಷ್ಟರೊಳಗೆ ಬಾ.

ಸಿಟ್ಟಿನಲ್ಲೇ ಕ್ಷೇಮವಾಗಿರುವ
ನಿನ್ನ ಅಕ್ಕ

ಫೆಬ್ರವರಿ 14

ಅಕ್ಕಾ,

ನಿನ್ನ ಕಾಗದ ಬಂದು ಒಂಬತ್ತು ದಿನವಾಯಿತು. ಊಟದ ಬಿಡುವಿನಲ್ಲಿ, ಒಂದು ಕೈಯಲ್ಲಿ ಬನ್ನು ಹಿಡಿದುಕೊಂಡು ಬರೆಯುತ್ತಿದ್ದೇನೆ. ಹೋದ ವಾರ ಎರಡು ಬಸ್ಸು ಗುದ್ದಿಕೊಂಡು ಮೂವತ್ತೊಂದು ಜನ ಒಂದೇ ಸಲಕ್ಕೆ ಬಂದರು. ಅವತ್ತಿನಿಂದ ಮನೆಯಲ್ಲಿ ಕೂತು ಉಂಡಿದ್ದು ಎರಡೇ ಸಲ.

ನೀನು ಎಲ್ಲರ ಹತ್ತಿರ "ನನ್ನ ತಮ್ಮ ನರ್ಸಮ್ಮ" ಅಂತ ಹೇಳಿ ನಗಿಸುತ್ತೀಯ. ನನ್ನ ಕೆಲಸ ಏನು ಅಂತ ಒಂದು ಸಲವಾದರೂ ಕೇಳಿದ್ದೀಯಾ? ತುರ್ತು ವಿಭಾಗದ ಬಾಗಿಲಲ್ಲಿ ನಿಂತು, ಬಂದವರ ಮಣಿಕಟ್ಟಿಗೆ ಬಣ್ಣದ ಪಟ್ಟಿ ಕಟ್ಟುವವನು ನಾನು. ಕೆಂಪು ಅಂದರೆ ಈಗಲೇ. ಹಳದಿ ಅಂದರೆ ಸ್ವಲ್ಪ ತಡೆಯಬಹುದು. ಹಸಿರು ಅಂದರೆ ಬೆಂಚಿನ ಮೇಲೆ ಕೂತು ಕಾಯಬಹುದು. ಹೊಸದಾಗಿ ಸೇರಿದವರಿಗೆ ನಾನು ಹೇಳಿಕೊಡುವ ಮೊದಲ ಪಾಠ ಒಂದೇ. ಕೂಗಾಡುವವರ ಹತ್ತಿರ ಓಡಬೇಡಿ. ಕೂಗುತ್ತಿದ್ದಾರೆ ಅಂದರೆ ಉಸಿರಿದೆ, ಎಚ್ಚರವಿದೆ. ಸದ್ದಿಲ್ಲದೆ ಬಿದ್ದಿರುವವರನ್ನು ಮೊದಲು ನೋಡಿ.

ಈ ಲೆಕ್ಕ ಕಲಿತಮೇಲೆ ನನ್ನ ಬದುಕೂ ಒಂದು ಹದಕ್ಕೆ ಬಂದಿದೆ ಅಕ್ಕಾ. ಮನೆಯ ಫ್ರಿಜ್ಜಿನ ಮೇಲೂ ಮೂರು ಬಣ್ಣದ ಚೀಟಿ ಅಂಟಿಸಿದ್ದೇನೆ. ಯಾವುದು ಮೊದಲು, ಯಾವುದು ಆಮೇಲೆ ಅಂತ ತಲೆ ಕೆಡಿಸಿಕೊಳ್ಳುವ ಹಾಗೇ ಇಲ್ಲ. ನನ್ನ ಹೆಂಡತಿ "ನಾನ್ಯಾವ ಬಣ್ಣ ರೀ?" ಅಂದಳು. "ಹಳದಿ" ಅಂದೆ. ಎರಡು ದಿನ ಮಾತು ಬಿಟ್ಟಳು. ಸತ್ಯ ಹೇಳಿದರೆ ಯಾರಿಗೂ ಆಗುವುದಿಲ್ಲ.

ನಿನ್ನ ಕಾಗದ ಓದಿ ನನಗೆ ಸಮಾಧಾನವೇ ಆಯಿತು. ಇಷ್ಟುದ್ದ ಬೈಯುವುದಕ್ಕೆ ಶಕ್ತಿ ಇದೆ ಅಂದರೆ ನೀನು ಗುಂಡುಕಲ್ಲಿನ ಹಾಗಿದ್ದೀಯ. ಈಜು ಕಲಿಯುವುದು ಎಲ್ಲಿಗೂ ಓಡಿಹೋಗುವುದಿಲ್ಲ. ಕೋಪ ಮಾಡಿಕೊಳ್ಳಬೇಡ, ನಿನಗೆ ಹಸಿರು ಪಟ್ಟಿ ಕಟ್ಟಿದ್ದೇನೆ. ಗಂಟಲು ಕ್ಲೋರಿನ್ ನೀರಿನಿಂದ, ಕೂಗುವುದರಿಂದ. ಬಿಸಿನೀರಿಗೆ ಉಪ್ಪು ಹಾಕಿ ಮುಕ್ಕಳಿಸು, ಹೋಗುತ್ತದೆ.

ಬೆಲ್ ಆಯಿತು, ಓಡಬೇಕು.
ತಮ್ಮ

ಫೆಬ್ರವರಿ 24

ಬಣ್ಣದ ಪಟ್ಟಿಯ ಸಾಹೇಬರಿಗೆ,

ಹಸಿರು! ನಿನಗೆ ಎರಡರ ಮಗ್ಗಿ ಬಾಯಿಪಾಠ ಮಾಡಿಸಿದವಳು ನಾನು. ಅಮ್ಮ ಹಾಸಿಗೆ ಹಿಡಿದ ವರ್ಷ ನಿನ್ನ ಶಾಲೆಯ ಷೂ ಲೇಸು ಕಟ್ಟಿದವಳು ನಾನು. ನನ್ನ ಕೈಗೆ ಪಟ್ಟಿ ಕಟ್ಟಿ ಬೆಂಚಿನ ಮೇಲೆ ಕೂರಿಸುತ್ತೀಯಾ? ನಿನ್ನ ಕಾಗದ ಓದಿ ಅವತ್ತು ಎರಡು ತರಗತಿ ಮಕ್ಕಳಿಗೆ ಸುಮ್ಮಸುಮ್ಮನೆ ಹತ್ತು ಸುತ್ತು ಹೆಚ್ಚಿಗೆ ಈಜಿಸಿದೆ. ಪಾಪ, ಅವೇನು ತಪ್ಪು ಮಾಡಿದ್ದವು!

ಬದುಕು ಹದಕ್ಕೆ ಬಂದಿದೆ ಅಂತೆ. ಬರದೇ ಏನು? ಹತ್ತಿರದವರನ್ನೆಲ್ಲ ಸಾಲಾಗಿ ಕಾಯುವುದಕ್ಕೆ ಕೂರಿಸಿದರೆ ಯಾರ ಬದುಕು ಬೇಕಾದರೂ ಹದಕ್ಕೆ ಬರುತ್ತದೆ. ನಿನ್ನ ಹೆಂಡತಿ ಎರಡೇ ದಿನ ಮಾತು ಬಿಟ್ಟಳಾ? ದೊಡ್ಡ ಮನಸ್ಸು ಅವಳದು.

ಈಗ ಸರಿಯಾಗಿ ಕೇಳಿಸಿಕೋ. ಮಾರ್ಚ್ 16ರ ಒಳಗೆ ನೀನು ಬರಬೇಕು. ಅದಾದಮೇಲೆ ನಾನು ನೀರಿಗೆ ಇಳಿಯುವುದಿಲ್ಲ. ಯಾಕೆ ಅಂತ ಬಂದರೆ ಹೇಳುತ್ತೇನೆ, ಕಾಗದದಲ್ಲಿ ಹೇಳುವುದಿಲ್ಲ. ಇಲ್ಲಿ ಕೆಳಗೆ ಎರಡು ಸಾಲು ಬರೆದು ಕಪ್ಪಗೆ ಹೊಡೆದುಹಾಕಿದ್ದೇನೆ. ಬೆಳಕಿಗೆ ಹಿಡಿದು ಓದುವುದಕ್ಕೆ ಹೋಗಬೇಡ.

ಒಂದೇ ಒಂದು ದಿನ ಕೇಳುತ್ತಿದ್ದೇನೆ. ಬೇರೆ ಏನೂ ಬೇಡ, ಏನೂ ತರಬೇಡ. ತಲೆ ಮೇಲೆ ತಲೆ ಬಿದ್ದರೂ ಬಾ. ಭಾನುವಾರ, ಒಂಬತ್ತನೇ ತಾರೀಕು. ಕೊಳದ ವ್ಯವಸ್ಥಾಪಕರ ಕೈಕಾಲು ಹಿಡಿದು ಆರರಿಂದ ಏಳು ಗಂಟೆಯವರೆಗೆ ಆಳವಿಲ್ಲದ ಕಡೆ ನಮ್ಮಿಬ್ಬರಿಗೇ ಅಂತ ಬಿಡಿಸಿಕೊಂಡಿದ್ದೇನೆ. ನೀನು ಕಿರುಚಿಕೊಂಡರೂ ಯಾರೂ ನೋಡುವುದಿಲ್ಲ.

ಅಕ್ಕ

ಮಾರ್ಚ್ 1

ಅಕ್ಕಾ,

ಸೋತೆ, ಕೈ ಮುಗಿದೆ. ಒಂಬತ್ತನೇ ತಾರೀಕು ಬರುತ್ತೇನೆ. ರಜೆ ಬರೆದುಕೊಟ್ಟಿದ್ದೇನೆ, ಮೇಲಿನವರು ಸಹಿ ಹಾಕಿದ್ದಾರೆ, ಬಸ್ಸಿನ ಟಿಕೆಟೂ ಆಯಿತು. ಇನ್ನಾದರೂ ಆ ಮಕ್ಕಳನ್ನು ಬಿಟ್ಟುಬಿಡು.

ಟೈಲ್ಸ್ ಕೆಲಸ ಮಾರ್ಚ್‌ಗೇ ಬಂತು ಅಂತ ಕಾಣುತ್ತದೆ. ಅದಕ್ಕೆ ಇಷ್ಟೊಂದು ಗುಟ್ಟು ಯಾಕೆ? ಅಥವಾ ಕೆಲಸ ಬಿಡುತ್ತಿದ್ದೀಯಾ? ಬಿಟ್ಟರೆ ಒಳ್ಳೆಯದೇ. ಇಪ್ಪತ್ತಾರು ವರ್ಷ ಒದ್ದೆ ಬಟ್ಟೆಯಲ್ಲಿ ನಿಂತದ್ದು ಸಾಕು. ನೀನು ಹೊಡೆದುಹಾಕಿದ ಸಾಲನ್ನು ನಾನು ಓದಲಿಲ್ಲ. ಓದಬಾರದು ಅಂತಲ್ಲ, ಅದನ್ನು ಕೆದಕುತ್ತಾ ಕೂರುವಷ್ಟು ಹೊತ್ತೇ ಸಿಗಲಿಲ್ಲ.

ತಮ್ಮ

ಮಾರ್ಚ್ 9, ಭಾನುವಾರ

ಕೊಳದ ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ. ಗಂಟೆ ಏಳೂಕಾಲು. ನಮಗೆ ಅಂತ ಇಟ್ಟಿದ್ದ ಗಂಟೆ ಮುಗಿದು, ಏಳರ ತರಗತಿಯ ಮಕ್ಕಳು ನೀರಿಗೆ ಧುಮುಕಿದ್ದಾರೆ. ಕಾಗದಕ್ಕೆ ನೀರು ಸಿಡಿಯುತ್ತಿದೆ, ಶಾಯಿ ಹರಡಿದರೆ ಅಳು ಅಂದುಕೊಳ್ಳಬೇಡ. ನಿನಗೋಸ್ಕರ ಅಳುವಷ್ಟು ಕಣ್ಣೀರು ನನ್ನ ಹತ್ತಿರ ಬಿಟ್ಟಿ ಬಿದ್ದಿಲ್ಲ.

ಐದೂಮುಕ್ಕಾಲಿಗೆ ನಿನ್ನ ಮೆಸೇಜು ಬಂತು. "ಅಕ್ಕಾ ಡ್ಯೂಟಿ ಬಂತು ಸಾರಿ." ನಾಲ್ಕು ಪದ. ಐದನೆಯದು ಬರೆದಿದ್ದರೆ ಯಾರಾದರೂ ಸಾಯುತ್ತಿದ್ದರಾ? ಆಗ ನಾನು ಗೇಟಿನ ಹತ್ತಿರ ನಿಂತಿದ್ದೆ. ಕೈಯಲ್ಲಿ ನಿನಗೆ ಅಂತ ಕೊಂಡ ಈಜುಚಡ್ಡಿ, ನೀಲಿಯದು. ಅಂಗಡಿಯವನು ಸೊಂಟದ ಅಳತೆ ಕೇಳಿದ. ನನಗೆ ಗೊತ್ತಿರಲಿಲ್ಲ. ತಮ್ಮನನ್ನು ನೋಡಿಯೇ ಎರಡು ವರ್ಷ ಆಗಿದೆ, ಸೊಂಟ ಹಿಗ್ಗಿದೆಯೋ ಕುಗ್ಗಿದೆಯೋ ಅಂತ ಅವನಿಗೆ ಹೇಗೆ ಹೇಳಲಿ? ಅಂದಾಜಿಗೆ ಒಂದು ತಂದೆ.

ನನ್ನ ಸಹಾಯಕ ತರಬೇತುದಾರಳು, ನಾವೆಲ್ಲ ಮರಿಮೀನು ಅನ್ನುವವಳು, "ಮುಂದಿನ ವಾರ ಬರ್ತಾರೆ ಬಿಡಿ ಮೇಡಂ" ಅಂದಳು. ಮುಂದಿನ ವಾರ! ಆ ಎರಡು ಪದ ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ನಿನ್ನ ಆಸ್ಪತ್ರೆಯಲ್ಲಿ ನೀನೊಬ್ಬನೇ ಇರುವುದಾ? ನೀನು ಒಂದು ದಿನ ಬಾಗಿಲಲ್ಲಿ ನಿಲ್ಲದಿದ್ದರೆ ಊರಿನ ಜನರೆಲ್ಲ ಬಿದ್ದು ಹೋಗುತ್ತಾರಾ? ಯಾರು ಹಾಕಿದರು ಆ ಡ್ಯೂಟಿ? ಅವರ ಹೆಸರು ಹೇಳು, ನಾನೇ ಅವರಿಗೆ ಬರೆಯುತ್ತೇನೆ.

ಮಾರ್ಚ್ 12

ಅಕ್ಕಾ,

ಯಾರಿಗೂ ಬರೆಯಬೇಡ. ಯಾರೂ ಹಾಕಲಿಲ್ಲ. ಶನಿವಾರ ಸಂಜೆ ನನ್ನ ಜೊತೆಯವನೊಬ್ಬ ಕಾಲು ಉಳುಕಿಸಿಕೊಂಡ. "ನಾಳೆ ಯಾರು ನಿಲ್ಲುತ್ತೀರಿ?" ಅಂತ ಕೇಳಿದರು. ನಾನು ಕೈ ಎತ್ತಿದೆ. ಇನ್ನೊಬ್ಬರು ಇದ್ದರು, ಹೊಸಬರು, ಅವರೂ ಕೈ ಎತ್ತುವುದರಲ್ಲಿದ್ದರು. ನನ್ನ ಕೈ ಮೊದಲೇ ಮೇಲಿತ್ತು. ಇದು ಅಭ್ಯಾಸ ಅಕ್ಕಾ. ಕೈ ತಾನಾಗಿಯೇ ಮೇಲಕ್ಕೆ ಹೋಗುತ್ತದೆ.

ಅವತ್ತು ಒಬ್ಬ ಮುದುಕನನ್ನು ಕರೆತಂದರು. ಮೂಲೆಯಲ್ಲಿ ತೆಪ್ಪಗೆ ಕೂತಿದ್ದ, ಏನೂ ಇಲ್ಲ ಅನ್ನುತ್ತಿದ್ದ. ನನಗೆ ಅನುಮಾನ ಬಂದು ಕೆಂಪು ಪಟ್ಟಿ ಕಟ್ಟಿದೆ. ಹೃದಯದ ತೊಂದರೆ. ಬದುಕಿದ. ನಾನು ಇರದಿದ್ದರೆ? ಇದನ್ನು ಹೇಳಿ ನಿನ್ನ ಬಾಯಿ ಮುಚ್ಚಿಸುವ ಉದ್ದೇಶವಿಲ್ಲ, ಆದರೂ ಯೋಚನೆ ಮಾಡು. ಒಂದು ಕಡೆ ಒಂದು ಜೀವ, ಇನ್ನೊಂದು ಕಡೆ ಒಂದು ಈಜುಪಾಠ. ನೀನೇ ಆಗಿದ್ದರೆ ಏನು ಮಾಡುತ್ತಿದ್ದೆ?

ಏಪ್ರಿಲ್ ಮೊದಲ ಭಾನುವಾರ ಖಂಡಿತ. ಕೊಳ ಖಾಲಿಯಿದ್ದರೆ ಇರಲಿ, ಊಟ ಮಾಡಿ ಬೈಸಿಕೊಂಡು ಹೋಗುತ್ತೇನೆ.

ತಮ್ಮ

ಮಾರ್ಚ್ 15

ತಮ್ಮಾ,

ನಿನ್ನ ಕಾಗದ ಬಂತು. ನೀನು ಹೇಳುವುದು ಸರಿ. ಕೆಲಸ ನೋಡಿಕೋ, ಊಟ ತಪ್ಪಿಸಬೇಡ. ಎಲ್ಲರನ್ನೂ ಕೇಳಿದೆ ಅಂತ ಹೇಳು.

ಅಕ್ಕ

ಮಾರ್ಚ್ 22

ಪ್ರೀತಿಯ ಅಕ್ಕಾ,

ಅಬ್ಬಾ! ನಿನ್ನ ಈ ಸಲದ ಕಾಗದ ಓದಿ ಎದೆಯ ಮೇಲಿನ ಭಾರ ಇಳಿಯಿತು. ಮೂರೇ ಸಾಲು, ಒಂದು ಬೈಗುಳವಿಲ್ಲ. ಹೆಂಡತಿಗೂ ತೋರಿಸಿದೆ, "ನೋಡು, ಅಕ್ಕ ತಣ್ಣಗಾಗಿದ್ದಾಳೆ" ಅಂದೆ. ಅವಳು ಅದನ್ನು ಎರಡು ಸಲ ಓದಿ "ನಂಗೇನೋ ಸರಿ ಕಾಣ್ತಿಲ್ಲ ರೀ" ಅಂದಳು. ಎಲ್ಲದರಲ್ಲೂ ಏನಾದರೊಂದು ಹುಡುಕುವುದು ಅವಳ ಸ್ವಭಾವ.

ನೀನು ಅರ್ಥ ಮಾಡಿಕೊಂಡೆಯಲ್ಲ, ಅಷ್ಟು ಸಾಕು. ಮನೆಯವರು ಹೀಗೆ ಸಹಕರಿಸಿದರೆ ನನ್ನಂಥವರು ನಾಲ್ಕು ಜನಕ್ಕೆ ಉಪಯೋಗಕ್ಕೆ ಬರಬಹುದು. ಆದರೆ ಏಪ್ರಿಲ್ ಮೊದಲ ವಾರ ನಮಗೆ ತಪಾಸಣೆ ಇದೆಯಂತೆ. ತಿಂಗಳ ಕೊನೆಗೆ ಇಟ್ಟುಕೊಳ್ಳೋಣವಾ?

ತಮ್ಮ

ಏಪ್ರಿಲ್ 4

ತಮ್ಮಾ,

ಇದನ್ನು ಆಸ್ಪತ್ರೆಯ ಹಾಸಿಗೆಯ ಮೇಲೆ ಕೂತು ಬರೆಯುತ್ತಿದ್ದೇನೆ. ನಿಮ್ಮದಲ್ಲ, ನಮ್ಮೂರಿನದು. ಮಾರ್ಚ್ 18ಕ್ಕೆ ನನ್ನ ಧ್ವನಿಪೆಟ್ಟಿಗೆ ತೆಗೆದರು. ಕ್ಯಾನ್ಸರ್. ಉಪ್ಪುನೀರಿಗೆ ಹೋಗುವಂಥದ್ದಲ್ಲ.

ಫೆಬ್ರವರಿಯಲ್ಲಿ ಮರಿಮೀನು ಹಟ ಹಿಡಿದು ಎಳೆದುಕೊಂಡು ಬಂದಳು, ಅವಳಿಗೆ ಬಣ್ಣದ ಪಟ್ಟಿಯ ವಿದ್ಯೆ ಗೊತ್ತಿಲ್ಲ ನೋಡು. ನಾನು ಹೊಡೆದುಹಾಕಿದ ಎರಡು ಸಾಲಿನಲ್ಲಿ ಇದ್ದದ್ದು ಇದೇ. ಈಗ ಕತ್ತಿನಲ್ಲಿ ಒಂದು ತೂತು ಇದೆ, ಅದರಲ್ಲೇ ಉಸಿರು. ಮಾತಿಲ್ಲ. ಸೀಟಿಯೂ ಇಲ್ಲ, ಬಾಯಿಗೆ ಗಾಳಿ ಬಂದರೆ ತಾನೇ ಊದುವುದು. ನೀರಿಗೆ ಇಳಿದರೆ ಅದು ನೇರವಾಗಿ ಶ್ವಾಸಕೋಶಕ್ಕೆ ಹೋಗುತ್ತದಂತೆ. ನನಗಿಂತ ನಿನಗೇ ಚೆನ್ನಾಗಿ ಗೊತ್ತು.

ಆಪರೇಷನ್ನಿಗೆ ಮೊದಲು ಇಲ್ಲಿನವರು "ನಿಮ್ಮ ದನಿ ರೆಕಾರ್ಡ್ ಮಾಡಿಟ್ಟುಕೊಳ್ಳಿ, ಬೇಕಾದವರಿಗೆ ಏನಾದ್ರೂ ಹೇಳಿ" ಅಂತ ಒಂದು ಕೋಣೆಯಲ್ಲಿ ಮೈಕಿನ ಮುಂದೆ ಕೂರಿಸಿದರು. ಇಪ್ಪತ್ತು ನಿಮಿಷ ಕೂತಿದ್ದೆ. ಎದುರಿಗೆ ಮುಖ ಇಲ್ಲದೆ ಬೈಯುವುದು ಹೇಗೋ? ನನಗೆ ಬರಲಿಲ್ಲ. ಎದ್ದು ಬಂದೆ.

ಇಲ್ಲಿಗೆ ಬರಬೇಡ. ಬಂದರೆ ಒಳಗೆ ಬಿಡಬೇಡಿ ಅಂತ ಬರೆದು ಕೊಟ್ಟಿದ್ದೇನೆ.

ಏಪ್ರಿಲ್ 8, ನಿನ್ನ ವಾರ್ಡಿನ ಹೊರಗೆ

ಅಕ್ಕಾ,

ಬಾಗಿಲಲ್ಲಿ ಕೂತಿರುವವರು ನನ್ನನ್ನು ಒಳಗೆ ಬಿಡುತ್ತಿಲ್ಲ. ನಾನೂ ಇದೇ ಕೆಲಸದವನು ಅಂದೆ. "ಹಾಗಿದ್ರೆ ನಿಮಗೆ ನಿಯಮ ಗೊತ್ತಿರಬೇಕಲ್ಲ" ಅಂದರು. ಬೆಳಗ್ಗೆ ಐದು ಗಂಟೆಯಿಂದ ಬೆಂಚಿನ ಮೇಲೆ ಕೂತಿದ್ದೇನೆ. ಈ ಕಾಗದವನ್ನು ಅವರ ಕೈಯಲ್ಲೇ ಕಳಿಸುತ್ತಿದ್ದೇನೆ.

ನನಗೆ ನಿನ್ನ ಮೇಲೆ ಎಂಥ ಸಿಟ್ಟು ಬಂದಿದೆ ಗೊತ್ತಾ? ಪ್ರಶ್ನೆಪತ್ರಿಕೆ ಕೊಡದೆ ಪರೀಕ್ಷೆ ಮಾಡಿ ಫೇಲ್ ಮಾಡಿದ್ದೀಯ. ಕ್ಯಾನ್ಸರ್ ಅಂತ ಒಂದು ಪದ, ಒಂದೇ ಒಂದು ಪದ ಬರೆದಿದ್ದರೆ ನಾನು ಬರಿಗಾಲಲ್ಲಿ ಓಡಿ ಬರುತ್ತಿರಲಿಲ್ಲವಾ? ಕೆಲಸ ಬಿಟ್ಟು ಬರುತ್ತಿರಲಿಲ್ಲವಾ? ಹಠ ಮಾಡಿ, ಅದನ್ನು ಹೊಡೆದುಹಾಕಿ, ಮೂರು ಸಾಲು ಸೌಜನ್ಯದ ಕಾಗದ ಬರೆದು, ಒಬ್ಬಳೇ ಹೋಗಿ ಮಲಗಿದೆ. ನಾನು ಅದೇ ವಾರ "ಅಕ್ಕ ತಣ್ಣಗಾಗಿದ್ದಾಳೆ" ಅಂತ ಖುಷಿಪಟ್ಟುಕೊಂಡು ತಿರುಗುತ್ತಿದ್ದೆ. ಇದನ್ನು ಇಟ್ಟುಕೊಂಡು ನಾನು ಹೇಗೆ ಬದುಕಲಿ ಹೇಳು. ಇದು ನ್ಯಾಯವಾ?

ಇಷ್ಟು ಬರೆದು ಮೊದಲಿನಿಂದ ಓದಿ ನೋಡಿದೆ. ನಮ್ಮ ಆಸ್ಪತ್ರೆಯಲ್ಲಿ, ನಾನು ನಿಲ್ಲುವ ಬಾಗಿಲ ಪಕ್ಕದಲ್ಲೇ ಒಂದು ಬೋರ್ಡಿದೆ. "ಮೂರು ವಾರಕ್ಕಿಂತ ಹೆಚ್ಚು ದಿನ ದನಿ ಕಟ್ಟಿದ್ದರೆ ತಕ್ಷಣ ತೋರಿಸಿ." ನೀನು ಎರಡು ತಿಂಗಳು ಅಂತ ಮೊದಲನೇ ಕಾಗದದಲ್ಲೇ ಬರೆದಿದ್ದೆ. ನಾನು ಬನ್ನು ತಿನ್ನುತ್ತಾ ಅದನ್ನು ಓದಿದೆ.

ಒಳಗೆ ಕರಿ ಅಕ್ಕಾ.

ಏಪ್ರಿಲ್ 8, ಒಳಗಿನಿಂದ

ಕೇಳು. ಓಡಿ ಬರುತ್ತಿದ್ದೆ, ನನಗೆ ಗೊತ್ತು. ಅದಕ್ಕೇ ಹೇಳಲಿಲ್ಲ. ರೋಗಿಯಾದರೆ ನೀನು ಯಾರಿಗಾದರೂ ಓಡಿ ಬರುತ್ತೀಯ. ಹೆಸರು ಗೊತ್ತಿಲ್ಲದ ಆ ಮುದುಕನಿಗೂ ಬಂದೆ. ಏನೂ ಆಗದ, ಗಟ್ಟಿಮುಟ್ಟಾದ, ಬಾಯಿಬಡುಕಿ ಅಕ್ಕನಿಗೆ ಒಂದು ಭಾನುವಾರ ನಡೆದುಕೊಂಡು ಬರುತ್ತೀಯಾ ಅಂತ ನೋಡಬೇಕಿತ್ತು. ನಿನ್ನನ್ನು ನೋಡಬೇಕು ಅಂದರೆ ಸಾಯುವ ಹಾಗಾಗಬೇಕಾ? ನಿನ್ನ ಹೆಂಡತಿ ಏನಾಗಬೇಕು? ಅವಳಿಗೆ ಯಾವ ಕಾಯಿಲೆ ಬಂದರೆ ನೀನು ಅವಳ ಜೊತೆ ಕೂತು ಉಣ್ಣುತ್ತೀಯ? ಇದನ್ನೇ ಕಣೋ ಎದುರಿಗೆ ಕೂರಿಸಿಕೊಂಡು ಬೈಯಬೇಕು ಅಂತ ಇದ್ದದ್ದು. ಗಂಟಲು ತುಂಬ ಬೈಯಬೇಕಿತ್ತು. ಈಗ ನೋಡು, ಪೆನ್ನಿನಲ್ಲಿ ಬೈದರೆ ಅರ್ಜಿ ಬರೆದ ಹಾಗಿದೆ.

ಪರೀಕ್ಷೆ ಇಟ್ಟದ್ದು ನನ್ನ ತಪ್ಪು. ಜಂಬ ನನಗೂ ಕಡಿಮೆ ಇಲ್ಲ. ಅದನ್ನು ಒಪ್ಪಿಕೊಳ್ಳುವುದಕ್ಕೆ ಹೊಟ್ಟೆ ಉರಿಯುತ್ತದೆ, ಆದರೂ ಬರೆದಿದ್ದೇನೆ.

ಇವತ್ತು ಒಳಗೆ ಕರೆಯುವುದಿಲ್ಲ. ಕತ್ತಿನ ತೂತಿನಿಂದ ಕಫ ತೆಗೆಯುತ್ತಿದ್ದಾರೆ. ನೀನು ನೋಡಿದರೆ ನರ್ಸಾಗಿಬಿಡುತ್ತೀಯ, ತಕ್ಷಣ ಕೈಗವಸು ಹಾಕಿಕೊಂಡು ಅವರಿಗೇ ಪಾಠ ಶುರು ಮಾಡುತ್ತೀಯ. ನನಗೆ ಇನ್ನೊಬ್ಬ ನರ್ಸು ಬೇಡ. ಹನ್ನೆರಡನೇ ತಾರೀಕು ಮನೆಗೆ ಕಳಿಸುತ್ತಾರೆ. ಇಪ್ಪತ್ತನೇ ತಾರೀಕು ಭಾನುವಾರ ಮನೆಗೆ ಬಾ. ಬರುವುದಾದರೆ ಬಾ. ಈಗ ಎದ್ದು ಹೋಗಿ ಏನಾದರೂ ತಿನ್ನು.

ಏಪ್ರಿಲ್ 20, ಭಾನುವಾರ. ಅಕ್ಕನ ಅಡುಗೆಮನೆಯ ಮೇಜು, ಅವಳದೇ ಬರೆಯುವ ಪುಸ್ತಕ

ಅಕ್ಕಾ,

ಬೆಳಗ್ಗೆಯಿಂದ ನಾನು ಯಾಕೆ ತುಟಿ ಬಿಚ್ಚಿಲ್ಲ ಅಂತ ನೀನು ಕೈಸನ್ನೆಯಲ್ಲಿ ಮೂರು ಸಲ ಕೇಳಿದೆ. ನಾಚಿಕೆ ಅಕ್ಕಾ. ನೀನು ಒಂದು ಪದಕ್ಕೂ ಪೆನ್ನು ಹುಡುಕುತ್ತಿರುವಾಗ ನಾನು ಎದುರಿಗೆ ಕೂತು ಪಟಪಟ ಮಾತಾಡುವುದಾ? ನಿನಗಿಲ್ಲದ್ದು ನನಗೂ ಬೇಡ ಅನ್ನಿಸಿತು. ಈ ಮನೆಯಲ್ಲಿ ಇರುವಷ್ಟು ಹೊತ್ತು ನಾನೂ ಬರೆದೇ ಹೇಳುತ್ತೇನೆ. ಇದೇ ನನ್ನ ಪ್ರಾಯಶ್ಚಿತ್ತ ಅಂದುಕೋ.

ಅದೇ ಪುಟದ ಕೆಳಗೆ

ಪೆನ್ನು ಕೆಳಗಿಡು. ಈಗಲೇ ಇಡು.

ಪ್ರಾಯಶ್ಚಿತ್ತವಂತೆ! ಬೆಳಗ್ಗೆಯಿಂದ ಮೂಕನ ಹಾಗೆ ಕೂತು ನನ್ನ ಜೀವ ಹಿಂಡಿದೆ. ಪಾತ್ರೆ ತೊಳೆದೆ, ನೆಲ ಒರೆಸಿದೆ, ಕಿಟಕಿಯ ಬೋಲ್ಟು ಬಿಗಿ ಮಾಡಿದೆ. ಯಾರು ಕೇಳಿದರು ನಿನ್ನನ್ನು? ನನ್ನ ಗಂಟಲು ತೆಗೆದಿದ್ದಾರೆ, ಕಿವಿ ತೆಗೆದಿಲ್ಲ. ಎರಡೂ ಸರಿಯಾಗಿ ಕೆಲಸ ಮಾಡುತ್ತಿವೆ, ಅವಕ್ಕೆ ಮಾತ್ರ ಕೆಲಸವಿಲ್ಲ. ಮನೆಗೆ ಬಂದು ಎಂಟು ದಿನ. ಬಂದವರೆಲ್ಲ ನನ್ನ ಜೊತೆ ತಾವೂ ಸನ್ನೆ ಮಾಡುತ್ತಾರೆ, ಇಲ್ಲ ಪಿಸುಗುಟ್ಟುತ್ತಾರೆ. ಒಬ್ಬಳು ಈ ಪುಸ್ತಕ ತೆಗೆದುಕೊಂಡು "ಹೇಗಿದ್ದೀರಿ" ಅಂತ ಬರೆದು ನನಗೆ ತೋರಿಸಿದಳು. ಈ ಮನೆಯಲ್ಲಿ ಒಬ್ಬ ಮನುಷ್ಯ ಗಟ್ಟಿಯಾಗಿ ಮಾತಾಡಿದ್ದನ್ನು ಕೇಳಿ ಎಷ್ಟು ದಿನವಾಯಿತು ಅಂತ ನಿನಗೆ ಗೊತ್ತಾ?

ನನಗೆ ನಿನ್ನ ಕ್ಷಮೆ ಬೇಡ, ನಿನ್ನ ದುಡಿಮೆ ಬೇಡ. ಬಸ್ಸಿನಲ್ಲಿ ನಿನ್ನ ಪಕ್ಕ ಯಾರು ಕೂತಿದ್ದರು, ಅದನ್ನು ಹೇಳು. ನಿನ್ನ ಹೆಂಡತಿ ಹೊರಡುವಾಗ ಏನಂದಳು, ಅದನ್ನು ಹೇಳು. ಏನೂ ತೋಚದಿದ್ದರೆ ನನ್ನನ್ನೇ ಬೈಯಿ. ಹೊರಗೆ ಕತ್ತಲಾಗುವ ತನಕ ಹೊತ್ತಿದೆ.

ಬಾಯಿ ಬಿಡೋ. ನಾನು ಕೇಳಬೇಕು.